ಕಮಲಾದೇವಿ ಚಟ್ಟೋಪಾಧ್ಯಾಯ

ಚುನಾವಣೆಯ ದಿನ ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ಯಾವ ಹಳ್ಳಿಗೆ ಹೋದರೂ ಒಂದು ನೋಟ ಕಣ್ಣಿಗೆ ಬೀಳುತ್ತದೆ. ಊರಿನ ಶಾಲೆಯೇ ಆ ದಿನ ಮತಗಟ್ಟೆಯಾಗಿರುತ್ತದೆ. ಅದರ ಅಂಗಳದಲ್ಲಿ ಗಂಡಸರದೊಂದು ಸಾಲು, ಹೆಂಗಸರದೊಂದು ಸಾಲು. ಹೊಲದ ಕೆಲಸಕ್ಕೆ ಹೊರಡಬೇಕಾದವರು, ಕಂಕುಳಲ್ಲಿ ಕೂಸನ್ನು ಎತ್ತಿಕೊಂಡವರು, ಮೊಮ್ಮಕ್ಕಳ ಕೈ ಹಿಡಿದು ಬಂದ ಮುದುಕಿಯರು ತಮ್ಮ ಸರದಿಗಾಗಿ ತಾಳ್ಮೆಯಿಂದ ನಿಂತಿರುತ್ತಾರೆ. ಬೆರಳಿಗೆ ಶಾಯಿಯ ಗುರುತು ಹಾಕಿಸಿಕೊಂಡು, ತಮಗೆ ಸರಿಯೆಂದು ತೋರಿದವರಿಗೆ ಮತ ನೀಡಿ ಮನೆಗೆ ಮರಳುತ್ತಾರೆ. ಅಭ್ಯರ್ಥಿಗಳ ಪಟ್ಟಿಯಲ್ಲಿ ಮಹಿಳೆಯ ಹೆಸರಿದ್ದರೆ ಯಾರೂ ಹುಬ್ಬೇರಿಸುವುದಿಲ್ಲ. ಈ ನೋಟ ನಮಗೆ ಎಷ್ಟು ಸಹಜವಾಗಿದೆಯೆಂದರೆ, ಇದು ಹೀಗಿಲ್ಲದ ಕಾಲವೊಂದಿತ್ತು ಎಂಬುದನ್ನೇ ನಾವು ಮರೆತುಬಿಟ್ಟಿದ್ದೇವೆ.

ಸುಮಾರು ನೂರು ವರ್ಷಗಳ ಹಿಂದೆ ಕನ್ನಡ ನಾಡು ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿತ್ತು. ಹಾನಗಲ್ಲು, ಶಿಗ್ಗಾಂವಿ, ಹಿರೇಕೆರೂರುಗಳು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು. ಸವಣೂರು ನವಾಬರ ಪುಟ್ಟ ಸಂಸ್ಥಾನವಾಗಿತ್ತು. ಕರಾವಳಿಯ ಮಂಗಳೂರು ಮದರಾಸು ಪ್ರಾಂತದಲ್ಲಿತ್ತು. ಆಡಳಿತ ಬೇರೆಬೇರೆಯಾಗಿದ್ದರೂ ಸ್ತ್ರೀಯರ ಸ್ಥಿತಿ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ಆಗಿತ್ತು. ಕಾನೂನುಗಳನ್ನು ಮಾಡುವ ಸಭೆಯಲ್ಲಿ ಸ್ತ್ರೀಯೊಬ್ಬಳು ಕುಳಿತುಕೊಳ್ಳಬಹುದೆಂಬ ಕಲ್ಪನೆಯೇ ಬಹುಮಂದಿಗೆ ವಿಚಿತ್ರವಾಗಿ ತೋರುತ್ತಿತ್ತು. ಅಂಥ ಕಾಲದಲ್ಲಿ, 1926ರಲ್ಲಿ, ಇಪ್ಪತ್ತಮೂರು ವರ್ಷದ ಸಮಾಜಸೇವಕಿಯೊಬ್ಬರು ಮಂಗಳೂರಿನಿಂದ ಮದರಾಸು ಪ್ರಾಂತದ ಶಾಸನಸಭೆಗೆ ಉಮೇದುವಾರರಾಗಿ ನಿಂತರು. ಅವರೇ ಕಮಲಾದೇವಿ ಚಟ್ಟೋಪಾಧ್ಯಾಯ. ಆ ಚುನಾವಣೆಯಲ್ಲಿ ಅವರು ಗೆಲ್ಲಲಿಲ್ಲ. ಆದರೂ ಭಾರತದ ಸ್ತ್ರೀಯರ ಇತಿಹಾಸದಲ್ಲಿ ಆ ಸೋಲಿಗೆ ದೊಡ್ಡ ಸ್ಥಾನವಿದೆ. ಅದು ಏಕೆಂಬುದನ್ನು ತಿಳಿಯಬೇಕಾದರೆ ಅವರ ಬಾಲ್ಯದಿಂದ ಆರಂಭಿಸಬೇಕು.

ಕಮಲಾದೇವಿಯವರು 1903ನೆಯ ಇಸವಿ ಏಪ್ರಿಲ್ 3ರಂದು ಮಂಗಳೂರಿನಲ್ಲಿ ಜನಿಸಿದರು. ತಂದೆ ಅನಂತಯ್ಯ ಧಾರೇಶ್ವರರು ಸರಕಾರದಲ್ಲಿ ದೊಡ್ಡ ಅಧಿಕಾರಿಗಳಾಗಿದ್ದರು. ತಾಯಿ ಗಿರಿಜಾಬಾಯಿ. ಕಮಲಾದೇವಿಯವರು ಈ ದಂಪತಿಗಳ ಕಿರಿಯ ಮಗಳು. ಅಂದಿನ ರೂಢಿಗೆ ವಿರುದ್ಧವಾಗಿ ಗಿರಿಜಾಬಾಯಿಯವರು ವಿದ್ಯೆಯಲ್ಲಿ ಆಸಕ್ತಿಯುಳ್ಳವರಾಗಿದ್ದರು. ಪುಸ್ತಕಗಳನ್ನು ಓದುತ್ತಿದ್ದರು, ದೇಶದ ಆಗುಹೋಗುಗಳನ್ನು ತಿಳಿದುಕೊಳ್ಳುತ್ತಿದ್ದರು. ಮಹಾದೇವ ಗೋವಿಂದ ರಾನಡೆ, ಗೋಪಾಲಕೃಷ್ಣ ಗೋಖಲೆ, ಆನಿ ಬೆಸೆಂಟ್ ಮೊದಲಾದ ನಾಯಕರ ಪರಿಚಯ ಈ ಮನೆತನಕ್ಕಿತ್ತು. ಹೀಗಾಗಿ ದೇಶದ ವಿಚಾರ, ಸಮಾಜ ಸುಧಾರಣೆಯ ವಿಚಾರ ಈ ಬಾಲಕಿಯ ಕಿವಿಗೆ ಮೊದಲಿನಿಂದಲೂ ಬೀಳುತ್ತಿದ್ದವು. ಸೌಕರ್ಯಕ್ಕೂ ಕಲಿಕೆಗೂ ಆ ಮನೆಯಲ್ಲಿ ಕೊರತೆಯಿರಲಿಲ್ಲ.

ಆದರೆ ಈ ನೆಮ್ಮದಿ ಬಹುಕಾಲ ಉಳಿಯಲಿಲ್ಲ. ಕಮಲಾದೇವಿಯವರಿಗೆ ಏಳು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ಅವರು ಉಯಿಲು ಬರೆದಿರಲಿಲ್ಲ. ಆಗಿನ ಕಾನೂನಿನ ಪ್ರಕಾರ ಗಂಡುಮಗನಿರುವಾಗ ವಿಧವೆಗೂ ಹೆಣ್ಣುಮಕ್ಕಳಿಗೂ ಆಸ್ತಿಯಲ್ಲಿ ಪಾಲಿರಲಿಲ್ಲ. ಜೀವನಾಂಶ ಮಾತ್ರ ದೊರೆಯುತ್ತಿತ್ತು. ತಂದೆಯ ಮೊದಲ ಹೆಂಡತಿಯ ಮಗನಿಗೆ ಆಸ್ತಿಯೆಲ್ಲವೂ ಸೇರಿತು. ತಾಯಿಗೂ ಮಕ್ಕಳಿಗೂ ತಿಂಗಳಿಗಿಷ್ಟು ಎಂದು ಹಣ ಗೊತ್ತಾಯಿತು. ಸ್ವಾಭಿಮಾನಿಯಾದ ಗಿರಿಜಾಬಾಯಿಯವರು ಆ ಹಣವನ್ನು ಬೇಡವೆಂದರು. ತಮ್ಮ ತವರಿನಿಂದ ಬಂದಿದ್ದ ಸ್ವಂತ ಸ್ವತ್ತಿನಿಂದಲೇ ಮಕ್ಕಳನ್ನು ಸಾಕಲು ನಿರ್ಧರಿಸಿದರು. ನಿನ್ನೆಯವರೆಗೆ ತಮ್ಮದಾಗಿದ್ದ ಮನೆ ಇಂದು ತಮ್ಮದಲ್ಲವೆಂಬುದನ್ನು ಏಳು ವರ್ಷದ ಬಾಲಕಿ ಕಂಡಳು. ಇದು ಒಬ್ಬ ವ್ಯಕ್ತಿ ಮಾಡಿದ ಅನ್ಯಾಯವಾಗಿರಲಿಲ್ಲ, ಕಾನೂನೇ ಹಾಗಿತ್ತು. ಯಾರ ಮೇಲೂ ದೂರು ಹೇಳುವಂತಿಲ್ಲದ ಅನ್ಯಾಯವೇ ಎಲ್ಲಕ್ಕಿಂತ ಕಠಿಣವಾದದ್ದು. ಕಾನೂನು ಬದಲಾಗದೆ ಅದಕ್ಕೆ ಪರಿಹಾರವಿಲ್ಲ.

ಬಾಲಕಿಯ ಮುಂದಿನ ದಿನಗಳೂ ಸುಗಮವಾಗಿರಲಿಲ್ಲ. ಅವಳು ಆದರ್ಶವೆಂದು ಭಾವಿಸಿದ್ದ ಅಕ್ಕ ಸಗುಣಾ ಎಳೆಯ ವಯಸ್ಸಿನಲ್ಲೇ ಮದುವೆಯಾಗಿ ಸ್ವಲ್ಪ ಕಾಲದಲ್ಲಿಯೇ ತೀರಿಕೊಂಡಳು. ಸ್ವತಃ ಕಮಲಾದೇವಿಯವರ ಮದುವೆಯೂ 1917ರಲ್ಲಿ, ಅವರ ಹದಿನಾಲ್ಕನೆಯ ವಯಸ್ಸಿನಲ್ಲಿ ನಡೆಯಿತು. ಎರಡು ವರ್ಷಗಳಲ್ಲಿಯೇ ಅವರಿಗೆ ವೈಧವ್ಯ ಪ್ರಾಪ್ತವಾಯಿತು. ಅಂದಿನ ಸಮಾಜದಲ್ಲಿ ಬಾಲವಿಧವೆಯ ಬಾಳೆಂದರೆ ಮನೆಯ ಮೂಲೆಯಲ್ಲಿ ಕಳೆಯುವ ಬಾಳು. ಹಬ್ಬಹುಣ್ಣಿಮೆಗಳಲ್ಲಿ ಅವಳಿಗೆ ಸ್ಥಾನವಿಲ್ಲ. ಓದು, ಉದ್ಯೋಗಗಳ ಮಾತಂತೂ ದೂರವೇ ಉಳಿಯಿತು. ಆದರೆ ಗಿರಿಜಾಬಾಯಿಯವರು ಮಗಳನ್ನು ಮೂಲೆಗೆ ತಳ್ಳಲಿಲ್ಲ. ಓದನ್ನು ಮುಂದುವರಿಸುವಂತೆ ಬೆಂಬಲವಿತ್ತರು.

ಮಂಗಳೂರಿನ ಸಂತ ಆನ್ನರ ಕಾನ್ವೆಂಟಿನಲ್ಲಿ ಓದಿದ್ದ ಕಮಲಾದೇವಿಯವರು ಮುಂದೆ ಮದರಾಸಿನ ಕ್ವೀನ್ ಮೇರಿ ಕಾಲೇಜನ್ನು ಸೇರಿದರು. ಅಲ್ಲಿ ಸುಹಾಸಿನಿ ಚಟ್ಟೋಪಾಧ್ಯಾಯ ಎಂಬ ಸಹಪಾಠಿಯ ಸ್ನೇಹ ಬೆಳೆಯಿತು. ಸುಹಾಸಿನಿಯವರು ಕವಯಿತ್ರಿ ಸರೋಜಿನಿ ನಾಯ್ಡು ಅವರ ತಂಗಿ. ಅವರ ಅಣ್ಣ ಹರೀಂದ್ರನಾಥರು ಕವಿಗಳು, ನಾಟಕಕಾರರು, ನಟರು. ಕಲೆಯಲ್ಲಿ ಸಮಾನ ಅಭಿರುಚಿಯಿದ್ದ ಹರೀಂದ್ರನಾಥ ಮತ್ತು ಕಮಲಾದೇವಿಯವರು ವಿವಾಹವಾದರು. ವಿಧವೆಯ ಮರುವಿವಾಹ, ಅದೂ ಬೇರೆ ಪ್ರಾಂತದ ಬೇರೆ ಭಾಷೆಯ ವರನೊಡನೆ! ಸಂಪ್ರದಾಯಸ್ಥರು ಇದನ್ನು ಉಗ್ರವಾಗಿ ಖಂಡಿಸಿದರು. ಕಮಲಾದೇವಿಯವರು ಅಂಜಲಿಲ್ಲ. ಈ ದಂಪತಿಗಳಿಗೆ ರಾಮಕೃಷ್ಣ ಎಂಬ ಮಗ ಹುಟ್ಟಿದನು. ಅನಂತರ ಕಮಲಾದೇವಿಯವರು ಲಂಡನ್ನಿಗೆ ತೆರಳಿ ಬೆಡ್‌ಫರ್ಡ್ ಕಾಲೇಜಿನಲ್ಲಿ ಸಮಾಜಶಾಸ್ತ್ರವನ್ನು ಅಭ್ಯಾಸ ಮಾಡಿದರು. ಬಡತನ, ಅನಕ್ಷರತೆ, ರೋಗಗಳು ಹಣೆಬರಹವಲ್ಲ. ಅವುಗಳಿಗೆ ಕಾರಣಗಳಿವೆ, ಕಾರಣಗಳನ್ನು ಅರಿತರೆ ಪರಿಹಾರವೂ ಇದೆ ಎಂಬ ದೃಷ್ಟಿಯನ್ನು ಈ ಅಭ್ಯಾಸ ಅವರಲ್ಲಿ ಬೆಳೆಸಿತು.

ದೇಶದಲ್ಲಿ ಗಾಂಧೀಜಿಯವರ ಅಸಹಕಾರ ಚಳುವಳಿಯ ಗಾಳಿ ಬೀಸಿತ್ತು. ಅದರ ಕರೆಗೆ ಓಗೊಟ್ಟು ಕಮಲಾದೇವಿಯವರು ತಾಯ್ನಾಡಿಗೆ ಮರಳಿದರು. ಆಗ ಡಾ. ನಾ. ಸು. ಹರ್ಡೀಕರರು ಹುಬ್ಬಳ್ಳಿಯನ್ನು ಕೇಂದ್ರವಾಗಿಸಿಕೊಂಡು ಹಿಂದುಸ್ಥಾನಿ ಸೇವಾದಳವನ್ನು ಕಟ್ಟುತ್ತಿದ್ದರು. ಶಿಸ್ತು ಮತ್ತು ಸೇವೆ ಈ ದಳದ ಎರಡು ಕಣ್ಣುಗಳಾಗಿದ್ದವು. ಕಮಲಾದೇವಿಯವರು ಅದನ್ನು ಸೇರಿ ಅದರ ಮಹಿಳಾ ವಿಭಾಗದ ಹೊಣೆಯನ್ನು ಹೊತ್ತರು. 1924ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ಸಿನ ಅಧಿವೇಶನ ನಡೆಯಿತು. ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ ಮತ್ತು ಕಮಲಾದೇವಿಯವರು ಅಲ್ಲಿಯ ಸ್ವಯಂಸೇವಕಿಯರ ಕಾರ್ಯದಲ್ಲಿ ಮುಂದಾಳುಗಳಾಗಿದ್ದರು. ಮನೆಯ ಹೊಸ್ತಿಲನ್ನು ದಾಟಿ ಅರಿಯದವರೆಂದು ಲೋಕ ತಿಳಿದಿದ್ದ ಸ್ತ್ರೀಯರು ಸಾವಿರಾರು ಜನ ನೆರೆದ ಅಧಿವೇಶನದಲ್ಲಿ ಸೇವೆಯ ಭಾರ ಹೊತ್ತುದನ್ನು ಕನ್ನಡ ನಾಡು ಅಂದು ಕಂಡಿತು.

ಸೇವೆ ದೊಡ್ಡದು, ಆದರೆ ಸೇವೆಯೊಂದರಿಂದಲೇ ಎಲ್ಲವೂ ಸರಿಹೋಗುವುದೇ? ಹತ್ತು ಮಂದಿ ಬಾಲವಿಧವೆಯರಿಗೆ ಅಕ್ಷರ ಕಲಿಸಬಹುದು. ಆದರೆ ಬಾಲ್ಯವಿವಾಹ ನಡೆಯುತ್ತಲೇ ಇದ್ದರೆ ಹನ್ನೊಂದನೆಯವಳು ಬಾಗಿಲಿಗೆ ಬಂದು ನಿಲ್ಲುತ್ತಾಳೆ. ಗಂಡನನ್ನು ಕಳೆದುಕೊಂಡ ತಾಯಿಯೊಬ್ಬಳಿಗೆ ನೆರಳು ಕೊಡಬಹುದು. ಆದರೆ ಆಸ್ತಿಯ ಕಾನೂನು ಹಾಗೆಯೇ ಉಳಿದರೆ ಮತ್ತೊಬ್ಬ ತಾಯಿ ಬೀದಿಗೆ ಬರುತ್ತಾಳೆ. ಗಾಯಕ್ಕೆ ಮದ್ದು ಹಚ್ಚುವುದರ ಜೊತೆಗೆ ಗಾಯವಾಗದಂತೆ ತಡೆಯುವುದೂ ಬೇಕು. ಆ ಶಕ್ತಿ ಇದ್ದುದು ಕಾನೂನು ಮಾಡುವ ಸಭೆಯಲ್ಲಿ. ಆ ಸಭೆಯಲ್ಲಿ ಸ್ತ್ರೀಯರ ಕಷ್ಟವನ್ನು ಸ್ವಂತ ಅನುಭವದಿಂದ ಬಲ್ಲವರು ಒಬ್ಬರೂ ಇರಲಿಲ್ಲ. ಸಮಾಜಸೇವೆಯ ದಾರಿ ಶಾಸನಸಭೆಯ ಬಾಗಿಲಿಗೆ ಬಂದು ನಿಂತದ್ದು ಹೀಗೆ.

ಆ ಬಾಗಿಲು ಸುಲಭವಾಗಿ ತೆರೆಯುವಂತಿರಲಿಲ್ಲ. 1917ರ ಡಿಸೆಂಬರಿನಲ್ಲಿ ಸರೋಜಿನಿ ನಾಯ್ಡು ಅವರ ನೇತೃತ್ವದಲ್ಲಿ ಸ್ತ್ರೀಯರ ನಿಯೋಗವೊಂದು ಭಾರತ ಮಂತ್ರಿ ಮಾಂಟೆಗು ಅವರನ್ನು ಮದರಾಸಿನಲ್ಲಿ ಭೇಟಿಯಾಗಿ, ಪುರುಷರಂತೆಯೇ ಸ್ತ್ರೀಯರಿಗೂ ಮತದಾನದ ಹಕ್ಕನ್ನು ಕೊಡಬೇಕೆಂದು ಕೇಳಿತ್ತು. 1919ರ ಸುಧಾರಣೆಗಳು ಆ ಹಕ್ಕನ್ನು ನೇರವಾಗಿ ಕೊಡಲಿಲ್ಲ. ತೀರ್ಮಾನವನ್ನು ಆಯಾ ಪ್ರಾಂತದ ಶಾಸನಸಭೆಗಳಿಗೆ ಬಿಟ್ಟುಕೊಟ್ಟವು. ಬ್ರಿಟಿಷ್ ಪ್ರಾಂತಗಳಲ್ಲಿ ಮದರಾಸು 1921ರಲ್ಲಿ ಎಲ್ಲಕ್ಕಿಂತ ಮೊದಲು ಸ್ತ್ರೀಯರಿಗೆ ಮತದಾನದ ಹಕ್ಕನ್ನು ನೀಡಿತು. ಅದೇ ವರ್ಷ ಮುಂಬಯಿ ಪ್ರಾಂತವೂ ನೀಡಿತು. ಆದರೆ ಮತ ಹಾಕುವ ಹಕ್ಕು ಬೇರೆ, ಚುನಾವಣೆಗೆ ನಿಲ್ಲುವ ಹಕ್ಕು ಬೇರೆ. ಸ್ತ್ರೀಯರು ಶಾಸನಸಭೆಯ ಸದಸ್ಯರಾಗುವುದಕ್ಕೆ ಇದ್ದ ಅಡ್ಡಿ 1926ರಲ್ಲಿ ನಿವಾರಣೆಯಾಯಿತು. ಆ ವರ್ಷದ ಕೊನೆಯಲ್ಲಿಯೇ ಚುನಾವಣೆ ಬಂದಿತು.

ಈ ಸಂದರ್ಭದಲ್ಲಿ ಕಮಲಾದೇವಿಯವರಿಗೆ ಪ್ರೇರಣೆಯಾದವರು ಮಾರ್ಗರೆಟ್ ಕಸಿನ್ಸ್ ಎಂಬ ಮಹಿಳೆ. ಐರ್ಲೆಂಡಿನಲ್ಲಿ ಹುಟ್ಟಿದ ಈಕೆ ಭಾರತಕ್ಕೆ ಬಂದು ಇಲ್ಲಿನ ಸ್ತ್ರೀಯರ ಏಳಿಗೆಯನ್ನೇ ತಮ್ಮ ಜೀವನದ ಕಾರ್ಯವನ್ನಾಗಿ ಮಾಡಿಕೊಂಡಿದ್ದರು. ಮಂಗಳೂರಿನ ರಾಷ್ಟ್ರೀಯ ಬಾಲಿಕಾ ಶಾಲೆಯ ಮೊದಲ ಮುಖ್ಯಸ್ಥೆಯಾಗಿ ಕೆಲಸ ಮಾಡಿದ್ದರಿಂದ ಕರಾವಳಿಯ ಜನಜೀವನ ಅವರಿಗೆ ಪರಿಚಿತವಾಗಿತ್ತು. ಬಾಗಿಲು ತೆರೆದಿದ್ದರೂ ಒಳಗೆ ಹೆಜ್ಜೆಯಿಡುವವರಿಲ್ಲದಿದ್ದರೆ ಅದು ಮುಚ್ಚಿದಂತೆಯೇ ಎಂಬುದನ್ನು ಅವರು ಅರಿತಿದ್ದರು. ಆ ಹೆಜ್ಜೆಯನ್ನಿಡಲು ಕಮಲಾದೇವಿಯವರೇ ತಕ್ಕವರೆಂದು ಅವರಿಗೆ ತೋರಿತು. ವಿದ್ಯೆಯಿತ್ತು, ಸೇವೆಯ ಅನುಭವವಿತ್ತು, ಮಾತಿನಲ್ಲಿ ತೇಜಸ್ಸಿತ್ತು. ಕಸಿನ್ಸ್ ಅವರ ಒತ್ತಾಸೆಯಿಂದ ಕಮಲಾದೇವಿಯವರು ಸ್ವತಂತ್ರ ಅಭ್ಯರ್ಥಿಯಾಗಿ ಮಂಗಳೂರಿನಲ್ಲಿ ನಿಂತರು. ಭಾರತದಲ್ಲಿ ಶಾಸನಸಭೆಯ ಸ್ಥಾನಕ್ಕೆ ಸ್ಪರ್ಧಿಸಿದ ಮೊದಲ ಮಹಿಳೆಯೆಂದು ಅವರು ಹೆಸರಾದರು.

ಅವರ ಮುಂದಿದ್ದ ಅಡಚಣೆಗಳನ್ನು ನಾವು ಇಂದು ಊಹಿಸಿಕೊಳ್ಳುವುದೂ ಕಷ್ಟ. ಅಂದು ಎಲ್ಲ ವಯಸ್ಕರಿಗೂ ಮತವಿರಲಿಲ್ಲ. ಗೊತ್ತಾದಷ್ಟು ಆಸ್ತಿಯುಳ್ಳವರು, ಕಂದಾಯ ಅಥವಾ ತೆರಿಗೆ ಸಲ್ಲಿಸುವವರು ಮಾತ್ರ ಮತದಾರರಾಗಿದ್ದರು. ಆಸ್ತಿ ಸಾಮಾನ್ಯವಾಗಿ ಗಂಡಸರ ಹೆಸರಿನಲ್ಲಿರುತ್ತಿತ್ತು. ಆದ್ದರಿಂದ ಕಾಗದದ ಮೇಲೆ ಸ್ತ್ರೀಯರಿಗೆ ಹಕ್ಕಿದ್ದರೂ ಮತದಾರರ ಪಟ್ಟಿಯಲ್ಲಿ ಅವರ ಹೆಸರುಗಳು ಬಹಳ ವಿರಳ. ಯಾವ ಕಾನೂನು ಗಿರಿಜಾಬಾಯಿಯವರಿಂದ ಮನೆಯನ್ನು ಕಸಿದುಕೊಂಡಿತ್ತೋ ಅದೇ ಕಾನೂನು ಈಗ ಅವರ ಮಗಳಿಗೆ ಬೀಳಬಹುದಾಗಿದ್ದ ಸ್ತ್ರೀಯರ ಮತಗಳನ್ನೂ ಕಸಿದುಕೊಂಡಿತ್ತು. ಸ್ತ್ರೀಯರ ಪರವಾಗಿ ನಿಂತ ಅಭ್ಯರ್ಥಿ ಮತ ಕೇಳಬೇಕಾಗಿದ್ದುದು ಮುಖ್ಯವಾಗಿ ಆಸ್ತಿವಂತ ಪುರುಷರನ್ನು! ಅದೂ ತಮ್ಮನ್ನು ಬಾಲ್ಯದಿಂದ ಕಂಡಿದ್ದ ಊರಿನಲ್ಲಿ, ತಮ್ಮ ಮರುವಿವಾಹವನ್ನು ಒಪ್ಪದವರ ನಡುವೆ. ಪ್ರಚಾರಕ್ಕೆ ದೊರೆತದ್ದು ಕೆಲವೇ ದಿನಗಳು. ಪಕ್ಷದ ಬಲವಿಲ್ಲ. ಇದೇ ಕ್ಷೇತ್ರದಲ್ಲಿ ಹಿಂದೆ ಒಬ್ಬ ಮಹಿಳೆ ಹೀಗೆ ಮಾಡಿದ್ದಳೆಂದು ತೋರಿಸಲು ಮಾದರಿಯೂ ಇಲ್ಲ.

ಫಲಿತಾಂಶ ಬಂದಾಗ ಕಮಲಾದೇವಿಯವರು ಸೋತಿದ್ದರು. ಆದರೆ ಸೋಲಿನ ಅಂತರ ಬಹಳ ಕಡಿಮೆಯಾಗಿತ್ತು. ಗೆಲುವಿನ ಹತ್ತಿರಕ್ಕೆ ಹೋಗಿ ಕೈತಪ್ಪಿದ ಸೋಲು ಯಾರಿಗಾದರೂ ಹೆಚ್ಚು ನೋವು ಕೊಡುತ್ತದೆ. ಆದರೆ ಆ ಅಂತರಕ್ಕೆ ಇನ್ನೊಂದು ಅರ್ಥವೂ ಇತ್ತು. ಆಸ್ತಿವಂತ ಪುರುಷರೇ ತುಂಬಿದ್ದ ಮತದಾರರ ಪಟ್ಟಿಯಲ್ಲಿ ಬಹುಮಂದಿ ಒಬ್ಬ ಯುವತಿಗೆ ಮತ ಕೊಟ್ಟಿದ್ದರು. ಸ್ತ್ರೀಗೆ ಯಾರು ಮತ ಕೊಡುತ್ತಾರೆ ಎಂದು ಕೇಳುತ್ತಿದ್ದವರಿಗೆ ಮಂಗಳೂರಿನ ಮತಪೆಟ್ಟಿಗೆ ಉತ್ತರ ಹೇಳಿತ್ತು. ಅದೇ ಚುನಾವಣೆಯ ಅನಂತರ ರಚಿತವಾದ ಮದರಾಸು ಶಾಸನಸಭೆಗೆ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು ನಾಮಕರಣಗೊಂಡು, 1927ರಲ್ಲಿ ಅದರ ಉಪಾಧ್ಯಕ್ಷರಾಗಿ ಆಯ್ಕೆಯಾದರು. ಕಮಲಾದೇವಿಯವರು ಪ್ರವೇಶಿಸಲಾಗದ ಸಭೆಯಲ್ಲಿ ಹೀಗೆ ಸ್ತ್ರೀಯ ಧ್ವನಿ ಕೇಳಿಬಂದಿತು.

ಚುನಾವಣೆಯಲ್ಲಿ ಸೋತವರು ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತಾರೆ. ಕೆಲವರು ಬೇಸತ್ತು ಸಾರ್ವಜನಿಕ ಜೀವನದಿಂದ ದೂರ ಸರಿಯುತ್ತಾರೆ. ಕೆಲವರು ಮುಂದಿನ ಚುನಾವಣೆಯನ್ನೇ ಎದುರುನೋಡುತ್ತ ಕಾಲ ಕಳೆಯುತ್ತಾರೆ. ಕಮಲಾದೇವಿಯವರು ಎರಡನ್ನೂ ಮಾಡಲಿಲ್ಲ. ಯಾವ ಕಾರ್ಯಕ್ಕಾಗಿ ಶಾಸನಸಭೆಗೆ ಹೋಗಬಯಸಿದ್ದರೋ ಆ ಕಾರ್ಯವನ್ನು ಹೊರಗಿನಿಂದಲೇ ಕೈಗೆತ್ತಿಕೊಂಡರು. 1927ರಲ್ಲಿ ಮಾರ್ಗರೆಟ್ ಕಸಿನ್ಸ್ ಅವರ ಪ್ರಯತ್ನದಿಂದ ಪುಣೆಯಲ್ಲಿ ಅಖಿಲ ಭಾರತ ಮಹಿಳಾ ಪರಿಷತ್ತು ಸ್ಥಾಪನೆಯಾಯಿತು. ಕಮಲಾದೇವಿಯವರು ಅದರ ಮೊದಲ ಸಂಘಟನಾ ಕಾರ್ಯದರ್ಶಿಯಾದರು. ದೇಶದ ಉದ್ದಗಲಕ್ಕೂ ಸಂಚರಿಸಿ ಪರಿಷತ್ತಿನ ಶಾಖೆಗಳನ್ನು ಕಟ್ಟಿದರು. ಹುಡುಗಿಯರ ವಿದ್ಯಾಭ್ಯಾಸ ಮತ್ತು ಬಾಲ್ಯವಿವಾಹ ನಿಷೇಧ ಪರಿಷತ್ತಿನ ಮುಖ್ಯ ವಿಷಯಗಳಾದವು.

ಹರಬಿಲಾಸ ಸಾರದಾ ಅವರು ಕೇಂದ್ರ ಶಾಸನಸಭೆಯಲ್ಲಿ ಮಂಡಿಸಿದ್ದ ಬಾಲ್ಯವಿವಾಹ ತಡೆ ಮಸೂದೆಯ ಪರವಾಗಿ ಪರಿಷತ್ತು ದೇಶದಲ್ಲೆಲ್ಲ ಜನಾಭಿಪ್ರಾಯವನ್ನು ಮೂಡಿಸಿತು. 1929ರಲ್ಲಿ ಆ ಮಸೂದೆ ಕಾನೂನಾಯಿತು. 1930ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ವಿವಾಹಕ್ಕೆ ಹೆಣ್ಣಿಗೆ ಹದಿನಾಲ್ಕು, ಗಂಡಿಗೆ ಹದಿನೆಂಟು ವರ್ಷಗಳಾದರೂ ತುಂಬಿರಬೇಕೆಂದು ಅದು ವಿಧಿಸಿತು. ಇಂದಿನ ದೃಷ್ಟಿಗೆ ಆ ವಯಸ್ಸು ತೀರ ಕಡಿಮೆ. 1978ರಲ್ಲಿ ಅದನ್ನು ಹದಿನೆಂಟು ಮತ್ತು ಇಪ್ಪತ್ತೊಂದಕ್ಕೆ ಏರಿಸಲಾಯಿತು. ಆದರೆ ತೊಟ್ಟಿಲ ಮಕ್ಕಳಿಗೂ ಮದುವೆ ನಡೆಯುತ್ತಿದ್ದ ದೇಶದಲ್ಲಿ ಅದು ದೊಡ್ಡ ಹೆಜ್ಜೆ. ಹದಿನಾಲ್ಕಕ್ಕೆ ಮದುವೆಯಾಗಿ, ಹದಿನಾರರ ಸುಮಾರಿಗೆ ವಿಧವೆಯಾಗಿದ್ದ ಬಾಲಕಿ ಬೆಳೆದು, ತನ್ನಂಥವರ ಸಂಕಟವನ್ನು ತಡೆಯುವ ಕಾನೂನಿಗೆ ಹೀಗೆ ಬೆಂಬಲವಾದಳು.

1930ರಲ್ಲಿ ಗಾಂಧೀಜಿಯವರು ಉಪ್ಪಿನ ಸತ್ಯಾಗ್ರಹವನ್ನು ಸಾರಿದರು. ಹಿರೇಕೆರೂರಿಗೆ ದೂರವಲ್ಲದ ಮೋಟೆಬೆನ್ನೂರಿನ ತರುಣ ಮೈಲಾರ ಮಹಾದೇವಪ್ಪನವರು ಗಾಂಧೀಜಿಯವರೊಡನೆ ದಂಡಿಗೆ ನಡೆದ ಸತ್ಯಾಗ್ರಹಿಗಳಲ್ಲಿ ಒಬ್ಬರಾಗಿದ್ದುದು ನಮ್ಮ ನಾಡಿನ ಹೆಮ್ಮೆ. ಆದರೆ ಆ ತಂಡದಲ್ಲಿ ಸ್ತ್ರೀಯರಿರಲಿಲ್ಲ. ಇದು ಕಮಲಾದೇವಿಯವರಿಗೆ ಸರಿಯೆನಿಸಲಿಲ್ಲ. ಉಪ್ಪು ಪ್ರತಿಯೊಂದು ಅಡಿಗೆಮನೆಯ ವಸ್ತು. ಅದಕ್ಕಾಗಿ ನಡೆಯುವ ಹೋರಾಟದಿಂದ ಅಡಿಗೆಮನೆಯನ್ನು ನಡೆಸುವವರನ್ನೇ ಹೊರಗಿಡುವುದು ಹೇಗೆ? ಅವರು ಗಾಂಧೀಜಿಯವರನ್ನು ಕಂಡು ಸ್ತ್ರೀಯರಿಗೂ ಸತ್ಯಾಗ್ರಹದಲ್ಲಿ ಪಾಲ್ಗೊಳ್ಳುವ ಅವಕಾಶವನ್ನು ಕೇಳಿ ಪಡೆದರು. ಮುಂಬಯಿಯ ಕಡಲತೀರದಲ್ಲಿ ಅವಂತಿಕಾಬಾಯಿ ಗೋಖಲೆ ಮೊದಲಾದವರೊಡನೆ ಉಪ್ಪನ್ನು ತಯಾರಿಸಿ ಕಾನೂನನ್ನು ಮುರಿದರು. ಆ ಉಪ್ಪಿನ ಪೊಟ್ಟಣಗಳನ್ನು ಮುಂಬಯಿಯ ಷೇರುಪೇಟೆಗೇ ಒಯ್ದು ಮಾರಿದರು. ಸರಕಾರ ಅವರನ್ನು ಬಂಧಿಸಿ ಸೆರೆಮನೆಗೆ ಕಳುಹಿಸಿತು. ಸ್ವಾತಂತ್ರ್ಯ ಹೋರಾಟದಲ್ಲಿ ಅವರು ಮುಂದೆಯೂ ಹಲವು ಬಾರಿ ಸೆರೆವಾಸವನ್ನು ಅನುಭವಿಸಿದರು.

1947ರಲ್ಲಿ ದೇಶ ಸ್ವತಂತ್ರವಾಯಿತು. ಜೊತೆಯಲ್ಲಿಯೇ ಇಬ್ಭಾಗವೂ ಆಯಿತು. ಲಕ್ಷಾಂತರ ಮಂದಿ ಮನೆಮಾರುಗಳನ್ನು ಕಳೆದುಕೊಂಡು ಭಾರತಕ್ಕೆ ಬಂದರು. ಹೋರಾಟದಲ್ಲಿ ದುಡಿದ ಹಲವರು ಅಧಿಕಾರದ ಸ್ಥಾನಗಳನ್ನು ಸೇರುತ್ತಿದ್ದ ಆ ಸಮಯದಲ್ಲಿ ಕಮಲಾದೇವಿಯವರು ನಿರಾಶ್ರಿತರ ಬಿಡಾರಗಳತ್ತ ನಡೆದರು. ಏಳನೆಯ ವಯಸ್ಸಿನಲ್ಲಿ ಮನೆ ಕಳೆದುಕೊಂಡಿದ್ದ ಅವರಿಗೆ ಮನೆಯಿಲ್ಲದವರ ನೋವು ಹೊಸದಾಗಿರಲಿಲ್ಲ. ಅವರಿಗೆ ದಾನಕ್ಕಿಂತ ದುಡಿಮೆಯಲ್ಲಿ ನಂಬಿಕೆ. ಭಾರತೀಯ ಸಹಕಾರ ಸಂಘವನ್ನು ಸ್ಥಾಪಿಸಿ, ನಿರಾಶ್ರಿತರು ತಮ್ಮ ಕೈಗಳಿಂದಲೇ ತಮ್ಮ ಬದುಕನ್ನು ಕಟ್ಟಿಕೊಳ್ಳುವಂತೆ ಮಾಡಿದರು. ದಿಲ್ಲಿಯ ಸಮೀಪದ ಫರೀದಾಬಾದಿನಲ್ಲಿ ವಾಯವ್ಯ ಗಡಿ ಪ್ರಾಂತದಿಂದ ಬಂದ ಸುಮಾರು 50,000 ನಿರಾಶ್ರಿತರಿಗಾಗಿ ಹೊಸ ನಗರವೊಂದು ತಲೆಯೆತ್ತಿತು. ಆ ಕಾರ್ಯದಲ್ಲಿ ಅವರ ಶ್ರಮ ಬೆರೆತಿದೆ.

ಕೈಕೆಲಸದಲ್ಲಿ ಅವರಿಗಿದ್ದ ಈ ನಂಬಿಕೆ ಮುಂದೆ ಇನ್ನೂ ದೊಡ್ಡ ಕಾರ್ಯಕ್ಕೆ ದಾರಿಯಾಯಿತು. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಲಿ ಸ್ಥಾಪನೆಯಾಯಿತು. ಸುಮಾರು ಎರಡು ದಶಕಗಳ ಕಾಲ ಕಮಲಾದೇವಿಯವರು ಅದನ್ನು ನಡೆಸಿದರು. ಯಂತ್ರದ ವಸ್ತುಗಳ ಪೈಪೋಟಿಯಲ್ಲಿ ನೇಕಾರರು, ಕುಂಬಾರರು, ಬಡಗಿಗಳು, ಕಮ್ಮಾರರು ಕಸುಬು ಬಿಡುವ ಸ್ಥಿತಿ ಬಂದಿತ್ತು. ಕಮಲಾದೇವಿಯವರು ಹಳ್ಳಿಹಳ್ಳಿಗಳನ್ನು ಸುತ್ತಿ ಅಳಿಯುತ್ತಿದ್ದ ಕಲೆಗಳನ್ನು ಗುರುತಿಸಿದರು. ಕುಶಲಕರ್ಮಿಗಳ ವಸ್ತುಗಳಿಗೆ ಮಾರುಕಟ್ಟೆಯನ್ನು ಒದಗಿಸಿದರು. ಅವರಿಗೆ ರಾಷ್ಟ್ರಮಟ್ಟದ ಮನ್ನಣೆ ದೊರೆಯುವಂತೆ ಮಾಡಿದರು. ನಮ್ಮ ಧಾರವಾಡ, ಹಾವೇರಿ ಸೀಮೆಯ ಮನೆಗಳಲ್ಲಿ ಹೆಂಗಸರು ಇಳಕಲ್ಲಿನ ಸೀರೆಗೆ ಕಸೂತಿ ಹಾಕುತ್ತಾರೆ. ಹಳೆಯ ಬಟ್ಟೆಗಳನ್ನು ಸೇರಿಸಿ ಕೌದಿ ಹೊಲಿಯುತ್ತಾರೆ. ತಾಂಡಾಗಳಲ್ಲಿ ಲಂಬಾಣಿ ಸ್ತ್ರೀಯರು ಕನ್ನಡಿ ಕೂರಿಸಿದ ಉಡುಪನ್ನು ಸಿದ್ಧಪಡಿಸುತ್ತಾರೆ. ಬಿಡುವಿನ ಹೊತ್ತಿನ ಕೆಲಸವೆಂದು ಲೋಕ ಕಡೆಗಣಿಸಿದ್ದ ಇಂಥ ಕೈಕೆಲಸಗಳಲ್ಲಿ ಕಲೆಯೂ ಇದೆ, ಅನ್ನವೂ ಇದೆ ಎಂಬುದನ್ನು ಕಮಲಾದೇವಿಯವರು ದೇಶಕ್ಕೆ ಮನಗಾಣಿಸಿದರು.

ರಂಗಭೂಮಿ, ಸಂಗೀತ, ನೃತ್ಯಗಳ ಏಳಿಗೆಗೂ ಅವರು ದುಡಿದರು. ಬೆಂಗಳೂರಿನಲ್ಲಿ 1964ರಲ್ಲಿ ಆರಂಭವಾದ ನಾಟ್ಯ ಮತ್ತು ನೃತ್ಯಸಂಯೋಜನೆಯ ಶಿಕ್ಷಣ ಸಂಸ್ಥೆಗೆ ಅವರ ಪ್ರೋತ್ಸಾಹವಿತ್ತು. ಅನೇಕ ಗ್ರಂಥಗಳನ್ನೂ ಬರೆದರು. 1955ರಲ್ಲಿ ಪದ್ಮಭೂಷಣ, 1966ರಲ್ಲಿ ಸಾಮುದಾಯಿಕ ನಾಯಕತ್ವಕ್ಕಾಗಿ ರಾಮನ್ ಮ್ಯಾಗ್ಸೆಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ ಅವರನ್ನು ಅರಸಿಕೊಂಡು ಬಂದವು. ಆದರೆ ಅವರು ಪದವಿಗಳ ಬೆನ್ನು ಹತ್ತಿದವರಲ್ಲ. 1988ರ ಅಕ್ಟೋಬರ್ 29ರಂದು, ಎಂಬತ್ತೈದನೆಯ ವಯಸ್ಸಿನಲ್ಲಿ ಅವರು ನಿಧನರಾದರು.

ಅವರು ಬದುಕಿದ್ದಾಗಲೇ ಕಂಡ ಎರಡು ಬದಲಾವಣೆಗಳನ್ನು ಇಲ್ಲಿ ನೆನೆಯಬೇಕು. ಮೊದಲನೆಯದು, 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನ ಆಸ್ತಿಯನ್ನಾಗಲಿ ಲಿಂಗವನ್ನಾಗಲಿ ನೋಡದೆ ವಯಸ್ಕರೆಲ್ಲರಿಗೂ ಒಂದೊಂದು ಮತವನ್ನು ನೀಡಿತು. ಎರಡನೆಯದು, 1956ರ ಹಿಂದೂ ಉತ್ತರಾಧಿಕಾರ ಕಾನೂನು, ಉಯಿಲು ಬರೆಯದೆ ತೀರಿಕೊಂಡವನ ಸ್ವಂತ ಆಸ್ತಿಯಲ್ಲಿ ಮಗನೊಡನೆ ಹೆಂಡತಿಗೂ ಹೆಣ್ಣುಮಕ್ಕಳಿಗೂ ಸಮಪಾಲನ್ನು ಕೊಟ್ಟಿತು. ಗಿರಿಜಾಬಾಯಿಯವರಿಗೆ ಇಲ್ಲವಾಗಿದ್ದ ನ್ಯಾಯ ಮುಂದಿನ ತಾಯಂದಿರಿಗೆ ದೊರೆಯಿತು. ಮನೆತನದ ಒಟ್ಟು ಆಸ್ತಿಯಲ್ಲಿಯೂ ಮಗಳಿಗೆ ಮಗನಷ್ಟೇ ಹಕ್ಕೆಂಬುದು ಕರ್ನಾಟಕದಲ್ಲಿ 1994ರಲ್ಲಿ, ಇಡೀ ದೇಶದಲ್ಲಿ 2005ರಲ್ಲಿ ಕಾನೂನಾಯಿತು. ಲೋಕಸಭೆಯಲ್ಲಿಯೂ ರಾಜ್ಯಗಳ ವಿಧಾನಸಭೆಗಳಲ್ಲಿಯೂ ಮೂರನೆಯ ಒಂದು ಪಾಲು ಸ್ಥಾನಗಳನ್ನು ಸ್ತ್ರೀಯರಿಗೆ ಮೀಸಲಿಡುವ ಸಂವಿಧಾನದ ತಿದ್ದುಪಡಿಯನ್ನು 2023ರಲ್ಲಿ ಸಂಸತ್ತು ಅಂಗೀಕರಿಸಿತು. ಇವೆಲ್ಲವೂ ಒಬ್ಬರಿಂದ ಆದುವಲ್ಲ; ಹೆಸರು ಉಳಿದ ಕೆಲವರ, ಹೆಸರು ಉಳಿಯದ ಸಾವಿರಾರು ಮಂದಿಯ ದುಡಿಮೆಯ ಫಲ. ಆದರೆ ಆ ಉದ್ದನೆಯ ದಾರಿಯಲ್ಲಿ ಮೊದಲ ಹೆಜ್ಜೆಗಳನ್ನು ಇಟ್ಟವರಲ್ಲಿ ಮಂಗಳೂರಿನ ಈ ಮಗಳೂ ಒಬ್ಬರು.

ಚುನಾವಣೆಯಲ್ಲಿ ಗೆದ್ದವರ ಹೆಸರುಗಳು ಸರಕಾರದ ದಾಖಲೆಗಳಲ್ಲಿ ಉಳಿಯುತ್ತವೆ. 1926ರಲ್ಲಿ ಮಂಗಳೂರಿನಲ್ಲಿ ಗೆದ್ದವರು ಯಾರೆಂದು ಇಂದು ಕೇಳಿದರೆ ಉತ್ತರಿಸುವವರು ವಿರಳ. ಸೋತ ಕಮಲಾದೇವಿಯವರನ್ನು ದೇಶವೇ ನೆನೆಯುತ್ತದೆ. ಸ್ಥಾನ ದೊರೆತರೆ ಮಾತ್ರ ಸೇವೆ ಎಂದು ಅವರು ಭಾವಿಸಿರಲಿಲ್ಲ. ಸೇವೆಗೆ ನೆರವಾಗಲೆಂದು ಮಾತ್ರ ಸ್ಥಾನವನ್ನು ಬಯಸಿದ್ದರು. ಸ್ಥಾನ ದೊರೆಯದಿದ್ದಾಗ ಸೇವೆಯನ್ನು ಬಿಡಲಿಲ್ಲ. ಹಾನಗಲ್ಲಿನಲ್ಲಿಯೋ ಶಿಗ್ಗಾಂವಿಯಲ್ಲಿಯೋ, ಸವಣೂರಿನಲ್ಲಿಯೋ ಹಿರೇಕೆರೂರಿನಲ್ಲಿಯೋ, ಹದಿನೆಂಟು ತುಂಬಿದ ಹುಡುಗಿಯೊಬ್ಬಳು ಮೊದಲ ಬಾರಿಗೆ ಮತಗಟ್ಟೆಯ ಸಾಲಿನಲ್ಲಿ ನಿಂತಾಗ, ಆ ಸಾಲಿನ ಮೊದಲಿಗೆ, ಕಣ್ಣಿಗೆ ಕಾಣದಷ್ಟು ದೂರದಲ್ಲಿ, ಇಪ್ಪತ್ತಮೂರು ವರ್ಷದ ಕಮಲಾದೇವಿಯವರು ನಿಂತಿದ್ದಾರೆಂಬುದನ್ನು ಅವಳು ತಿಳಿದಿರಬೇಕು.